ರಾಯರು ಕೊಟ್ಟ ವೀಳ್ಯ

ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ನರಸೀಪುರದ ಬಸ್ಸು ಹತ್ತಿ ಕೂತೆ. ಪಕ್ಕದ ಸೀಟಿಗೆ ನಡುವಯಸ್ಸಿನ ಗಂಡಸೊಬ್ಬರು ಬಂದು ಕೂತರು. ತಲೆಗೆ ಟವಲು ಸುತ್ತಿಕೊಂಡಿದ್ದರು, ಕಣ್ಣು ಕೆಂಪಾಗಿತ್ತು, ಕೂತ ಕೂಡಲೇ ನಿದ್ದೆ ಹೋದರು. ಕಿವಿಯ ಹಿಂದೆ ಒಂದಿಷ್ಟು ಹಳದಿ ಬಣ್ಣ ಉಳಿದುಕೊಂಡಿತ್ತು. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರದಾಳದ ವಾಸನೆ. ಎಲ್ಲೋ ನಾಟಕ ಆಡಿ, ಮುಖ ತೊಳೆದೂ ತೊಳೆಯದೆ ಊರಿಗೆ ಹೊರಟಿದ್ದಾರೆ. ರಾಜನ ಪಾರ್ಟೋ ಮಂತ್ರಿಯ ಪಾರ್ಟೋ, ಎಬ್ಬಿಸಿ ಕೇಳುವುದಕ್ಕೆ ಮನಸ್ಸಾಗಲಿಲ್ಲ.

ನಾನು ಹೊರಟಿದ್ದದ್ದು ಚಿಕ್ಕತಾಯಮ್ಮನವರ ಮಣ್ಣಿಗೆ. ಬೆಳಿಗ್ಗೆ ಅವರ ಮಗ ಆನಂದ ಫೋನ್ ಮಾಡಿದ್ದ. “ಮೇಡಂ, ಅವ್ವ ಓಗ್ಬುಟ್ಲು. ಮಧ್ಯಾನದ ಮ್ಯಾಲೆ ಎತ್ತೀವಿ. ನೀವು ಬತ್ತೀರೇನೋ ಅಂತ” ಎಂದು ಅಷ್ಟಕ್ಕೇ ನಿಲ್ಲಿಸಿದ್ದ. ಬರುತ್ತೀನಿ ಎಂದೆ. ಇಷ್ಟು ವರ್ಷ ಆ ಊರಿನ ಕಡೆ ತಲೆ ಹಾಕದವಳು ಹೀಗೆ ತಕ್ಷಣ ಹೊರಟದ್ದು ಯಾಕೆಂದು ನನಗೇ ಗೊತ್ತಿರಲಿಲ್ಲ. ಈ ಅರದಾಳದ ವಾಸನೆ ಬೇರೆ ಪಕ್ಕದಲ್ಲಿ ಬಂದು ಕೂತು ಹಳೆಯದನ್ನೆಲ್ಲ ಎಬ್ಬಿಸಿತು.

ಹೆಮ್ಮಿಗೆಯಿಂದಾಚೆ ಇರುವ ಆ ಊರಿನ ಹೈಸ್ಕೂಲಿನಲ್ಲಿ ನಾನು ಇದ್ದದ್ದು ಒಂದೇ ವರ್ಷ. ಊರಿನ ಹೆಸರು ಬೇಡ. ಅಲ್ಲಿನವರು ಇನ್ನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬದುಕಬೇಕು. ನಮ್ಮಪ್ಪ ನಂಜನಗೂಡಿನ ದೇವಸ್ಥಾನದಲ್ಲಿ ಪರಿಚಾರಕರಾಗಿದ್ದವರು. ಯಾರು ಮುಂದೆ ನಿಲ್ಲಬೇಕು, ಯಾರು ಹಿಂದೆ, ತೀರ್ಥ ಯಾರಿಗೆ ಮೊದಲು ಎನ್ನುವುದನ್ನು ನೋಡಿಕೊಂಡೇ ನಾನು ಬೆಳೆದೆ. ಅದಕ್ಕೋ ಏನೋ, ಸಮಾಜ ವಿಜ್ಞಾನದ ಟೀಚರ್ ಆದಮೇಲೆ ವಿಜಯನಗರದ ಆಡಳಿತದ ಪಾಠ ಎಂದರೆ ನನಗೆ ಹುಮ್ಮಸ್ಸು ಬರುತ್ತಿತ್ತು. ಬೋರ್ಡಿನ ಮೇಲೆ ಒಂದು ಏಣಿ ಬರೆಯುತ್ತಿದ್ದೆ. ತುದಿಯಲ್ಲಿ ರಾಯರು. ಅವರ ಕೆಳಗೆ ಪ್ರಧಾನಿ. ಆಮೇಲೆ ರಾಯರ ಬಾಯಿಂದ ಬಂದ ಅಪ್ಪಣೆಯನ್ನು ಬರೆದುಕೊಳ್ಳುವ ರಾಯಸದವರು. ಅವರ ಕೆಳಗೆ ಸೀಮೆಗಳನ್ನು ಆಳುತ್ತ ರಾಯರಿಗೆ ದಂಡು ಕಳಿಸುತ್ತಿದ್ದ ಅಮರನಾಯಕರು. ಕೊನೆಯ ಮೆಟ್ಟಿಲು ಹಳ್ಳಿ. ಬಾಣದ ಗುರುತು ಮೇಲಿನಿಂದ ಕೆಳಕ್ಕೆ. ಮಕ್ಕಳು ಅದನ್ನು ಹಾಗೇ ಬರೆದುಕೊಂಡು ಮಾರ್ಕ್ಸು ತೆಗೆಯುತ್ತಿದ್ದರು, ನಾನೂ ಸರ್ಕಾರ ಎಂದರೆ ಅಷ್ಟೇ ಎಂದು ನಂಬಿಕೊಂಡಿದ್ದೆ.

ದಿನಾ ನಂಜನಗೂಡಿನಿಂದ ನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ಊರಿಗೆ ಇನ್ನೊಂದು. ಎರಡನೆಯ ಬಸ್ಸಿನ ಕಂಡಕ್ಟರು ಆನಂದ. ತೆಳ್ಳನೆಯ ಮೈ, ಗಂಟಲು ಮಾತ್ರ ಭಾರಿ. “ನರಸೀಪುರ, ನರಸೀಪುರ” ಎಂದು ಅವನು ಕೂಗಿದರೆ ಸಂಗಮದ ಆಚೆ ದಡದವರೂ ಎದ್ದು ಬರಬೇಕು, ಹಾಗಿತ್ತು. ಅದೇ ಊರಿನ ಕೆಳಗಿನ ಬೀದಿಯವನು. ಬೀದಿಯ ಬಾಯಲ್ಲಿ ಒಂದು ಬುದ್ಧನ ವಿಗ್ರಹ, ಅದರ ಸುತ್ತ ಕಂಬಿಯ ಬೇಲಿ, ಪಂಚಶೀಲದ ಬಾವುಟ. ಅವನ ತಾಯಿ ಚಿಕ್ಕತಾಯಮ್ಮ ನಮ್ಮ ಸ್ಕೂಲಿನ ಬಿಸಿಯೂಟದ ಅಡುಗೆಯವರು. ನಾನು ಊಟದ ಡಬ್ಬಿ ತೆಗೆದರೆ ಇಣುಕಿ ನೋಡಿ, “ಇದೇನು ಮೇಡಂ, ಕೋಳಿಮರಿಗೆ ಆಕ್ದಂಗೆ ಆಕ್ಕಂಡು ಬಂದಿದ್ದೀರಿ” ಎಂದು ಒಂದು ಸೌಟು ಸಾರು ಸುರಿದು ಹೋಗುತ್ತಿದ್ದರು. ಬೇಡ ಎಂದರೆ ಕೇಳುವ ಪೈಕಿಯಲ್ಲ.

ಆ ವರ್ಷ ಮಳೆ ಹುಚ್ಚು ಹಿಡಿದಂತೆ ಹೊಯ್ಯಿತು. ಕಬಿನಿಯಿಂದ ನೀರು ಬಿಟ್ಟರು, ನಂಜನಗೂಡಿನ ಸ್ನಾನಘಟ್ಟದ ಮೆಟ್ಟಿಲು ಒಂದೂ ಕಾಣದಂತೆ ಕಪಿಲೆ ಏರಿದಳು. ಬಸ್ಸು ಸುತ್ತಿ ಬಳಸಿ ಹೋಗುತ್ತಿತ್ತು. ಆ ಮಳೆಯಲ್ಲೇ ಒಂದು ದಿನ ಆನಂದನ ಅಪ್ಪ ಸಿದ್ದಯ್ಯ ತೀರಿಕೊಂಡರು. ಅಡುಗೆಮನೆಗೆ ಬೀಗ ಬಿದ್ದಿತ್ತು, ಸ್ಕೂಲಿಗೆ ಅರ್ಧ ದಿನ ರಜ. ನಾನೂ ಕೊಡೆ ಹಿಡಿದು ಹೋದೆ.

ಕೆಳಗಿನ ಬೀದಿಯವರ ಸ್ಮಶಾನ ಹೊಳೆಯ ದಿಕ್ಕಿಗೆ, ಗದ್ದೆಗಳ ಆಚೆ. ಅಲ್ಲಿಗೆ ಒಂದು ದಾರಿ ಇತ್ತಂತೆ. ಇತ್ತಂತೆ ಎನ್ನುವುದೇ ಸರಿ, ನಾನು ಹೋದಾಗ ಇದ್ದದ್ದು ಆಳೆತ್ತರದ ಕಬ್ಬು. ಗದ್ದೆ ಪಂಚಾಯ್ತಿ ಅಧ್ಯಕ್ಷ ಮಾದಪ್ಪನವರದು, ಮೇಲಿನ ಬೀದಿಯವರು. ಊರಿನ ನಕಾಶೆಯಲ್ಲಿ ದಾರಿ ಇದೆ ಎಂದು ಆನಂದ ಅರ್ಜಿ ಕೊಟ್ಟಿದ್ದ. ಅಳತೆಯವರು ಬಂದು, ಸರಪಳಿ ಎಳೆದು, ಕಲ್ಲು ನೆಟ್ಟೂ ಹೋಗಿದ್ದರು. ಅವರ ಕೆಲಸ ಅವರು ಮಾಡಿದ್ದರು. ಅದಾದಮೇಲೆ ಕಬ್ಬು ಬೆಳೆಯಿತು, ಕಲ್ಲು ಕಾಣದಾಯಿತು. ಕೇಳಲು ಹೋದವರಿಗೆ ಮಾದಪ್ಪನವರು, “ಕಲ್ಲು ಎಲ್ಲದೆ ತೋರ್ಸು, ಬುಡ್ತೀನಿ” ಎನ್ನುತ್ತಿದ್ದರು. ಕಬ್ಬಿನೊಳಗೆ ಹೆಜ್ಜೆಯಿಟ್ಟರೆ, “ಬೆಳೆ ತುಳೀತೀರಾ” ಎಂದು ಗದರುತ್ತಿದ್ದರು.

ಹಾಗಾಗಿ ಸಿದ್ದಯ್ಯನವರ ಚಟ್ಟ ಪಕ್ಕದ ಭತ್ತದ ಗದ್ದೆಯ ಕೆಸರಿಗೆ ಇಳಿಯಿತು. ಹೊತ್ತವರು ಮೊಣಕಾಲುದ್ದ ಹೂತುಕೊಂಡರು. ಒಬ್ಬ ಕಾಲು ಕಿತ್ತರೆ ಇನ್ನೊಬ್ಬ ಜಾರುತ್ತಿದ್ದ. ಚಟ್ಟ ಆ ಕಡೆ ಈ ಕಡೆ ವಾಲುತ್ತ ಒಂದು ಸಲ ಎಷ್ಟು ಬಾಗಿತೆಂದರೆ, ಹೂವಿನ ಹಾರ ಜಾರಿ ನೀರಿಗೆ ಬಿತ್ತು. ಆನಂದ ಎರಡು ಕೈಯಲ್ಲೂ ಅಪ್ಪನ ಕಾಲು ಒತ್ತಿ ಹಿಡಿದುಕೊಂಡ. ಬದುವಿನ ಮೇಲೆ ನನ್ನ ಪಕ್ಕ ನಿಂತಿದ್ದ ಚಿಕ್ಕತಾಯಮ್ಮ ಅಳಲಿಲ್ಲ. “ಬದುಕಿದ್ದಾಗ ಒಂದಿನ ಕುಡುದು ಓಲಾಡ್ದೋನಲ್ಲ ಮೇಡಂ. ಸತ್ತ ಮ್ಯಾಲೆ ಓಲಾಡ್ಕಂಡು ಓದ್ನಲ್ಲ” ಎಂದರು. ನಾನು ಅವರ ತಲೆಯ ಮೇಲೆ ಕೊಡೆ ಹಿಡಿದೆ.

ಮಳೆ ನಿಂತು ದಸರೆಯ ರಜ ಹತ್ತಿರ ಬರುವಾಗ ಊರಿನವರಿಗೆ ನಾಟಕದ ಹುಕಿ ಹತ್ತಿತು. ರಾಜ್ಯೋತ್ಸವದ ದಿನ ಸ್ಕೂಲಿನ ಮೈದಾನದಲ್ಲಿ ಆಡುವುದು ಎಂದಾಯಿತು. ಸ್ಕೂಲಿನ ಹೆಸರಿನ ನಾಟಕವಾದ್ದರಿಂದ ಎರಡೂ ಬೀದಿಯವರು ಇರಲೇಬೇಕು. ತಾಂಡವಪುರದಿಂದ ಹಾರ್ಮೋನಿಯಂ ಮೇಷ್ಟ್ರು ಬಂದರು. ಶಿವನಂಜಪ್ಪ ಅಂತ, ಎಲ್ಲರಿಗೂ ಮೇಷ್ಟ್ರು. ವಿಜಯನಗರದ ಒಬ್ಬ ರಾಯರ ಆಸ್ಥಾನದ ಕಥೆಯನ್ನು ತಾವೇ ಹೆಣೆದು ನಾಟಕ ಮಾಡಿಕೊಂಡಿದ್ದರು. ನನ್ನನ್ನು ಪರದೆಯ ಪಕ್ಕ ಬುಕ್ಕು ಹಿಡಿದು ಮಾತು ಎತ್ತಿಕೊಡುವ ಕೆಲಸಕ್ಕೆ ಹಾಕಿದರು.

ರಾಯರ ಪಾರ್ಟು ಮಾದಪ್ಪನವರಿಗೆ ಎಂದು ಮೇಲಿನ ಬೀದಿಯವರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು. ಮೈಕಟ್ಟು, ಮೀಸೆ, ಎಲ್ಲ ಸರಿಯಿತ್ತು. ಆದರೆ ಮೇಷ್ಟ್ರದು ಒಂದು ಕಟ್ಟಳೆ. ಹಾರ್ಮೋನಿಯಂ ಮುಂದಿಟ್ಟು ಒಂದು ಸ್ವರದ ಮನೆ ಒತ್ತಿ ಹಿಡಿಯುತ್ತಾರೆ, ಆ ಶ್ರುತಿಗೆ ಯಾರ ಗಂಟಲು ಏರುತ್ತದೋ ಅವನೇ ರಾಜ. ಯಾರ ಶಿಫಾರಸೂ ನಡೆಯುವುದಿಲ್ಲ. ಮಾದಪ್ಪನವರು ಕಣ್ಣು ಮುಚ್ಚಿ ಏರಿದರು, ಅರ್ಧಕ್ಕೆ ಕೆಮ್ಮು ಬಂತು. ಇನ್ನೂ ಯಾರು ಯಾರೋ ಪ್ರಯತ್ನಿಸಿದರು. ಆಗಷ್ಟೇ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದು ಬಾಗಿಲಲ್ಲಿ ನಿಂತಿದ್ದ ಆನಂದನ ಕಡೆಗೆ ಮೇಷ್ಟ್ರು, “ನೀನು ಒಂದ್ಸಲ ಅನ್ನಪ್ಪ” ಎಂದರು. ಅವನು ಅಂದ. ಮೇಷ್ಟ್ರು ಹಾರ್ಮೋನಿಯಂ ಮುಚ್ಚಿ, “ಆಯ್ತು, ರಾಯರು ಸಿಕ್ಕಿದರು” ಎಂದು ಎದ್ದರು.

ಮಾದಪ್ಪನವರಿಗೆ ಅಮರನಾಯಕನ ಪಾರ್ಟು ಬಂತು. ಒಂದು ಹೊತ್ತು ಮುಖ ಊದಿಸಿಕೊಂಡರು, ಆಮೇಲೆ ನಾಯಕನಿಗೂ ಮೀಸೆ ಇದೆ, ಕತ್ತಿ ಇದೆ ಎಂದು ಮೇಷ್ಟ್ರು ಸಮಾಧಾನ ಮಾಡಿದರು. ತೊಂದರೆ ಶುರುವಾದದ್ದು ಪ್ರ್ಯಾಕ್ಟೀಸಿನಲ್ಲಿ. ಒಡ್ಡೋಲಗದ ದೃಶ್ಯದಲ್ಲಿ ನಾಯಕ ರಾಯರಿಗೆ ಬಾಗಿ ಕೈಮುಗಿಯಬೇಕು. ಮಾದಪ್ಪನವರ ಸೊಂಟ ಬಾಗಲೊಲ್ಲದು. ಕೊನೆಗೆ ಒಂದು ಉಪಾಯ ಆಯಿತು. ಕಿರೀಟವನ್ನು ಆನಂದನ ತಲೆಗೆ ಇಡದೆ ಪಕ್ಕದ ಸ್ಟೂಲಿನ ಮೇಲೆ ಇಟ್ಟರು. ಮಾದಪ್ಪನವರು ಸ್ಟೂಲಿಗೆ ಕೈಮುಗಿದರು. ಆನಂದ ಸ್ಟೂಲಿನ ಪಕ್ಕ ನಿಂತು, “ಏಳು ನಾಯಕ” ಎಂದ. ದಿನಾ ಹೀಗೇ ನಡೆಯಿತು. ನನಗೆ ನಗು ಬರುತ್ತಿತ್ತು, ಆಮೇಲೆ ಯಾಕೆ ನಕ್ಕೆ ಎಂದು ಕಸಿವಿಸಿಯಾಗುತ್ತಿತ್ತು.

ಈ ನಡುವೆ ನನ್ನ ಪಾಂಡಿತ್ಯ ಸುಮ್ಮನಿರಬೇಕಲ್ಲ. ಮೇಷ್ಟ್ರ ಬುಕ್ಕಿನಲ್ಲಿ ರಾಯರು ನಾಯಕನಿಗೆ ಕತ್ತಿ ಕೊಡುತ್ತಿದ್ದರು. ನಾನು ಬಾಯಿ ಹಾಕಿದೆ. “ಕತ್ತಿ ಅಲ್ಲ ಮೇಷ್ಟ್ರೇ, ವೀಳ್ಯ. ಆ ಆಸ್ಥಾನದಲ್ಲಿ ರಾಯರು ತಮ್ಮ ಕೈಯಾರೆ ವೀಳ್ಯ ಕೊಡುವುದೇ ದೊಡ್ಡ ಮರ್ಯಾದೆ. ತೆಗೆದುಕೊಂಡರೆ ಅಪ್ಪಣೆ ಒಪ್ಪಿಕೊಂಡ ಹಾಗೆ. ರಾಯರ ಎಲೆಯಡಿಕೆ ಚೀಲ ಹಿಡಿಯುವವನೂ ಆಗ ಸಾಮಾನ್ಯದವನಲ್ಲ.” ಮೇಷ್ಟ್ರು ಕಣ್ಣರಳಿಸಿ, “ನಮ್ಮಲ್ಲೂ ಅಂಗೇ ಅಲ್ವಾ ಮೇಡಂ. ಪಾರ್ಟು ಒಪ್ಪಿಸಬೇಕಾದ್ರೆ ನಾನು ಎಲೆ ಅಡಿಕೆ ಕೊಡ್ತೀನಿ. ಈಸ್ಕಂಡ ಮ್ಯಾಲೆ ಮನೇಲಿ ಏನೇ ಆದ್ರೂ ಬಂದು ಆಡಲೇಬೇಕು” ಎಂದರು. ವೀಳ್ಯ ಬುಕ್ಕಿಗೆ ಸೇರಿತು. ಪ್ರ್ಯಾಕ್ಟೀಸಿಗೆ ಹೊಂಗೆ ಎಲೆ, ನಾಟಕದ ದಿನ ನಿಜವಾದ ಎಲೆ, ಅಡಿಕೆ, ಸುಣ್ಣ ಇರಬೇಕು ಎಂದು ನಾನೇ ಹಟ ಹಿಡಿದೆ.

ರಾಜ್ಯೋತ್ಸವದ ದಿನ ಇನ್ನೂ ಬಿಸಿಲಿರುವಾಗಲೇ ಪರದೆ ಎದ್ದಿತು. ಮೈದಾನದ ತುಂಬ ಜನ. ಮೇಲಿನ ಬೀದಿಯವರು ಒಂದು ಕಡೆ, ಕೆಳಗಿನ ಬೀದಿಯವರು ಒಂದು ಕಡೆ, ಮಧ್ಯೆ ಮಕ್ಕಳು ಕಲಸಿಹೋಗಿದ್ದರು. ಆ ದಿನ ಕಿರೀಟ ಸ್ಟೂಲಿನ ಮೇಲೆ ಇರಲಿಲ್ಲ, ಆನಂದನ ತಲೆಯ ಮೇಲಿತ್ತು. ಮುಖಕ್ಕೆ ಅರದಾಳ, ಹುಬ್ಬಿಗೆ ಕಪ್ಪು, ಹೆಗಲಿಗೆ ಜರಿ. ಅವನು ಪದ ಎತ್ತಿಕೊಂಡದ್ದೇ ತಡ, ಎರಡೂ ಕಡೆಯವರು ಸದ್ದಿಲ್ಲದಾದರು. ನನಗೆ ದಿನಾ ಟಿಕೆಟ್ಟು ಕೊಡುತ್ತಿದ್ದ ಹುಡುಗ ಅವನಾಗಿರಲಿಲ್ಲ. ಮಾದಪ್ಪನವರು ನಾಯಕರಾಗಿ ಬಂದು, ಒಂದು ಗಳಿಗೆ ಸ್ಟೂಲಿಗಾಗಿ ಆ ಕಡೆ ಈ ಕಡೆ ನೋಡಿ, ಆಮೇಲೆ ರಾಯರಿಗೇ ಬಾಗಿದರು. ಚೆನ್ನಾಗಿಯೇ ಬಾಗಿದರು.

ರಾಯರು ವೀಳ್ಯ ಎತ್ತಿ ಹಿಡಿದರು. ನಾನು ಬುಕ್ಕಿನ ಸಾಲಿನ ಮೇಲೆ ಬೆರಳಿಟ್ಟುಕೊಂಡಿದ್ದೆ. “ನಿನ್ನ ಸೀಮೆಯ ಕೆರೆ, ಕಾಲುವೆ, ದಾರಿಗಳನ್ನು ಪ್ರಜೆಗಳಿಗೆ ಬಿಡಿಸಿಕೊಡು, ನಾಯಕ.” ಅಲ್ಲಿಗೆ ಮಾತು ಮುಗಿಯಬೇಕಿತ್ತು. ಆನಂದ ನಿಲ್ಲಿಸಲಿಲ್ಲ. ಅದೇ ನಾಟಕದ ಗಂಭೀರ ದನಿಯಲ್ಲಿ ಮುಂದುವರಿಸಿದ. “ಕಬ್ಬಿನ ಗದ್ದೆಯೊಳಗೆ ಮುಚ್ಚಿಹೋಗಿರುವ ಸ್ಮಶಾನದ ದಾರಿಯನ್ನೂ ಬಿಡಿಸಿಕೊಡು. ನಮ್ಮ ರಾಜ್ಯದಲ್ಲಿ ಸತ್ತವರು ಕೆಸರಿನಲ್ಲಿ ಓಲಾಡಬಾರದು.”

ನನ್ನ ಬೆರಳು ಸಾಲಿನ ಕೊನೆಯಲ್ಲೇ ಉಳಿಯಿತು. ಮಾದಪ್ಪನವರು ಪಾರ್ಟನ್ನು ಉರುಹೊಡೆದಿದ್ದರು. ರಾಯರ ಮಾತು ನಿಂತ ಕೂಡಲೇ ಅವರ ಬಾಯಿಂದ, “ಅಪ್ಪಣೆ, ಪ್ರಭು. ನನ್ನ ಪ್ರಾಣವಿರುವ ತನಕ ನಡೆಸುವೆನು” ಎನ್ನುವುದು ತಾನಾಗಿ ಬಂದುಬಿಟ್ಟಿತು. ಎರಡು ಕೈಯೊಡ್ಡಿ ವೀಳ್ಯ ತೆಗೆದುಕೊಂಡರು, ಕಣ್ಣಿಗೆ ಒತ್ತಿಕೊಂಡರು. ಹೊಂಗೆ ಎಲೆಯನ್ನಾದರೆ ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ಇದು ನಿಜವಾದ ಎಲೆ, ಅವರೋ ದಿನವಿಡೀ ಎಲೆಯಡಿಕೆ ಹಾಕುವವರು, ಕೈ ಬಾಯಿಗೆ ಹೋಯಿತು. ಇಡೀ ಊರಿನ ಎದುರಿಗೆ ಅಗಿದರು. ಎರಡು ಸಲ ಅಗಿದ ಮೇಲೆ ಅವರಿಗೆ ತಾನು ಏನು ಕೇಳಿದೆ, ಏನು ಹೇಳಿದೆ ಎನ್ನುವುದು ಹೊಳೆದಿರಬೇಕು. ದವಡೆ ನಿಂತಿತು. ಕೆಳಗಿನ ಬೀದಿಯ ಕಡೆಯಿಂದ ಒಂದು ಶಿಳ್ಳೆ ಬಂತು. ಮೇಷ್ಟ್ರು ಗಾಬರಿಯಾಗಿ ಮುಂದಿನ ಪದಕ್ಕೆ ಹಾರ್ಮೋನಿಯಂ ಒತ್ತಿಬಿಟ್ಟರು.

ಮಾರನೆಯ ದಿನ ನಾನು ಬಸ್ಸಿಳಿದು ಸ್ಕೂಲಿಗೆ ಬರುವಷ್ಟರಲ್ಲಿ ಜಗಲಿಯಲ್ಲಿ ಪಂಚಾಯ್ತಿ ಸೇರಿತ್ತು. ಮಾದಪ್ಪನವರ ಚಿಕ್ಕಪ್ಪ ಗುರುಸಿದ್ದಪ್ಪ ಉರಿದು ಬೀಳುತ್ತಿದ್ದರು. “ಅವನ ಕೈಯಿಂದ ಎಲೆ ಅಡಿಕೆ ಈಸ್ಕಂಡು ಬಾಯಿಗಾಕ್ಕಂಡಲ್ಲಾ, ನಮ್ಮ ಮನೇಲಿ ಯಾವನಾರ ಮಾಡಿದ್ನೇನ್ಲಾ ಇಂಥ ಕೆಲಸವ?”

ಮಾದಪ್ಪನವರು ತಲೆ ಕೆರೆದುಕೊಂಡು, “ಚಿಕ್ಕಪ್ಪಾ, ನಾನು ಕಂಡಕ್ಟ್ರು ಕೈಲಿ ಈಸ್ಕಳ್ಳಿಲ್ಲ. ರಾಯರ ಕೈಲಿ ಈಸ್ಕಂಡೆ” ಎಂದರು.

ಹಿಂದೆ ನಿಂತಿದ್ದ ಕೆಳಗಿನ ಬೀದಿಯ ಒಬ್ಬರು ಮೆತ್ತಗೆ, “ಸರಿ ಅಧ್ಯಕ್ಷರೇ. ಅಂಗಾದ್ರೆ ರಾಯರ ಅಪ್ಪಣೆ ನಡೆಸ್ಬೇಕಲ್ವಾ” ಎಂದರು.

“ನಾಟಕದ ಮಾತು ನಾಟಕಕ್ಕೆ” ಎಂದು ಗುರುಸಿದ್ದಪ್ಪ ಗದರಿದರು.

“ಆಗ್ಲಿ ಸಾ. ಮಾತು ನಾಟಕದ್ದಾದ್ರೆ ಎಲೆ ಕೊಟ್ಟ ರಾಯರೂ ನಾಟಕದೋರೇ. ಅಂಗಾದ್ರೆ ಅಧ್ಯಕ್ಷರು ಎಲೆ ಈಸ್ಕಂಡಿದ್ದು ನಮ್ಮ ಆನಂದನ ಕೈಲಿ.”

ರಾಯರು ನಿಜ ಎಂದರೆ ದಾರಿ ಬಿಡಬೇಕು. ರಾಯರು ಸುಳ್ಳು ಎಂದರೆ ಮನೆತನದ ಮಡಿ ಹೋಯಿತು. ಮಾದಪ್ಪನವರು ಅಡಕತ್ತರಿಯಲ್ಲಿ ಸಿಕ್ಕಿಕೊಂಡರು. ಎಲ್ಲರ ಮುಖವೂ ನನ್ನ ಕಡೆ ತಿರುಗಿತು. “ಮೇಡಂ, ನಿಮ್ಮ ಬುಕ್ಕಲ್ಲಿ ಏನದೆ ಏಳಿ” ಎಂದರು ಗುರುಸಿದ್ದಪ್ಪ. ಬುಕ್ಕಲ್ಲಿದ್ದರೆ ಅದು ಮೇಷ್ಟ್ರು ಬರೆದ ಬರೀ ನಾಟಕದ ಮಾತು, ಇಲ್ಲದಿದ್ದರೆ ಆನಂದನ ತಲೆಹರಟೆ, ಹೇಗಾದರೂ ದಾರಿ ಬಿಡಬೇಕಿಲ್ಲ ಎಂದು ಅವರ ಲೆಕ್ಕ. ಕೆಳಗಿನ ಬೀದಿಯವರ ಲೆಕ್ಕ ಬೇರೆ: ಬುಕ್ಕಲ್ಲಿದ್ದರೆ ಸ್ಕೂಲು ಮೇಡಂ ಓದಿ ಒಪ್ಪಿದ ರಾಯರ ಅಪ್ಪಣೆ. ಬೋರ್ಡಿನ ಮೇಲೆ ದಿನಾ ಬರೆಯುತ್ತಿದ್ದ ರಾಯಸದವರ ಜಾಗದಲ್ಲಿ ನಾನೇ ನಿಂತಿದ್ದೆ.

“ದಾರಿ ಅಂತ ಇದೆ” ಎಂದೆ. ಕೂಡಲೇ ಗಲಾಟೆ ಎದ್ದಿತು. “ಯಾವ ದಾರಿ ಅಂತ ಇಲ್ಲ” ಎಂದು ನಾನು ಸೇರಿಸಿದ ಎರಡನೆಯ ಮಾತು ಯಾರಿಗೂ ಕೇಳಿಸಲೇ ಇಲ್ಲ. “ಮೇಡಂ ದಾರಿ ಅಂದ್ರು, ಬುಕ್ಕಲ್ಲದೆ” ಎನ್ನುತ್ತ ಒಂದು ಗುಂಪು ಮೆಟ್ಟಿಲಿಳಿಯಿತು. ಮಾದಪ್ಪನವರು ನನ್ನನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಹೆಡ್‌ಮಾಸ್ಟರು ಪ್ರಾರ್ಥನೆಯ ಗಂಟೆ ಹೊಡೆಸಿದರು, ಎಲ್ಲರೂ ಚದುರಿದರು.

ಸಂಜೆ ಬಸ್ಸಿನಲ್ಲಿ ಆನಂದನನ್ನು ಹತ್ತಿರ ಕರೆದು ಬೈದೆ. “ಅಲ್ಲ ಕಣೋ, ಮೊದಲೇ ಯೋಚನೆ ಮಾಡಿದ್ಯೇನೋ? ನನಗೊಂದು ಮಾತು ಹೇಳೋದಲ್ವಾ?”

ಅವನು ಟಿಕೆಟ್ ಮಿಷನ್ನು ತಿರುವುತ್ತ, “ಗೊತ್ತಿಲ್ಲ ಮೇಡಂ. ಕಿರೀಟ ಬಿಗಿಯಾಗಿತ್ತು, ತಲೆ ಸಿಡೀತಿತ್ತು. ಅವ್ವ ಮುಂದೆ ಕೂತಿದ್ಲು. ಬಾಯಿಗೆ ಬಂದ್ಬುಡ್ತು” ಎಂದ. ನಂಬಬೇಕೋ ಬಿಡಬೇಕೋ ಗೊತ್ತಾಗಲಿಲ್ಲ. ಅವನಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಆಮೇಲೆ ಊರು ಊರಾಗಿ ಉಳಿಯಲಿಲ್ಲ. ಮಾದಪ್ಪನವರು ಬಂದರೆ ಮಕ್ಕಳು, “ನಾಯಕರು ಬಂದ್ರು” ಎಂದು ಪಿಸುಗುಟ್ಟುತ್ತಿದ್ದವು. ಅವರಿಗೆ ಸಿಟ್ಟು ಬರುತ್ತಿತ್ತೋ ಖುಷಿಯೋ ಹೇಳುವುದು ಕಷ್ಟ. ಕಬ್ಬು ಮಾತ್ರ ತನ್ನ ಪಾಡಿಗೆ ಬೆಳೆದು ಹೂ ಬಿಟ್ಟಿತು. ಸಂಕ್ರಾಂತಿ ಕಳೆದು ಕಟಾವಿನ ಆಳುಗಳು ಬಂದರು. ಈಗ ಬಿಟ್ಟರೆ ಬಿಟ್ಟಂತೆ, ಇಲ್ಲವಾದರೆ ಕಡಿದ ಬುಡದ ಕೂಳೆ ಚಿಗುರಿ ಮತ್ತೆ ಅದೇ ಗೋಡೆ. ಚಿಕ್ಕತಾಯಮ್ಮ ಸೌಟು ಹಿಡಿದುಕೊಂಡೇ ಗದ್ದೆಯ ಕಡೆ ನೋಡುತ್ತ ನಿಲ್ಲುತ್ತಿದ್ದರು.

ಆಗ ಮಾದಪ್ಪನವರಿಂದ ಒಂದು ಮಾತು ಬಂತು, ಮೇಷ್ಟ್ರ ಮೂಲಕ. “ರಾಯರೇ ಬಂದು ಗದ್ದೇಲಿ ನಿಂತು ಕೇಳ್ಲಿ. ರಾಯರಿಗೆ ಬುಡ್ತೀನಿ.” ಅಂದರೆ ಆನಂದ ಹಾಡಹಗಲು ಕಿರೀಟ ತೊಟ್ಟು, ಬಣ್ಣ ಬಳಿದುಕೊಂಡು ಕಬ್ಬಿನ ಗದ್ದೆಗೆ ಬರಬೇಕು. ಮೇಷ್ಟ್ರು ಕಿರೀಟವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ತಂದೇಬಿಟ್ಟಿದ್ದರು.

ಕೆಳಗಿನ ಬೀದಿಯ ಹುಡುಗರಿಗೆ ರೋಷ ಬಂತು. “ನಮ್ಮನ್ನ ಕೋಡಂಗಿ ಮಾಡ್ತಾವ್ನೆ, ಓಗ್ಬೇಡ ಕಣ್ಲಾ” ಎಂದರು. ವಯಸ್ಸಾದವರು, “ಯಾವ ವೇಷದಾಗಾದ್ರೂ ದಾರಿ ಬಂದ್ರೆ ಸಾಕು” ಎಂದರು. ಆನಂದ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದ. ಕಿರೀಟ ಇಟ್ಟುಕೊಂಡರೆ ಅದು ಗೌರವವೋ ಅವಮಾನವೋ, ನನಗೆ ನಿಜವಾಗಿ ಗೊತ್ತಾಗಲಿಲ್ಲ. ನೂರಾರು ವರ್ಷ ಹಿಂದಿನ ಆಸ್ಥಾನದಲ್ಲಿ ಯಾರು ಎಲ್ಲಿ ನಿಲ್ಲುತ್ತಿದ್ದರು ಎಂದು ಹೇಳಬಲ್ಲವಳು ಕಣ್ಣೆದುರಿನ ಹುಡುಗನಿಗೆ ಹೇಗೆ ನಿಲ್ಲು ಎಂದು ಹೇಳಲಾರದೆ ಹೋದೆ. ಒಲೆಯ ಮುಂದಿದ್ದ ಚಿಕ್ಕತಾಯಮ್ಮ ತಿರುಗಿಯೂ ನೋಡದೆ, “ಕಿರೀಟ ಆಕ್ಕಂಡಾದ್ರೂ ಓಗು, ಬುಟ್ಟಾದ್ರೂ ಓಗು. ಸತ್ತೋನು ನಿಮ್ಮಪ್ಪ, ರಾಯರಪ್ಪ ಅಲ್ಲ” ಎಂದರು. ಸೊಂಟದ ಸಂಚಿಯಿಂದ ಎಲೆ ಅಡಿಕೆ ತೆಗೆದು ಅವನ ಜೇಬಿಗೆ ತುರುಕಿದರು.

ಮಾರನೆಯ ಬೆಳಿಗ್ಗೆ ನಾನಿದ್ದ ಬಸ್ಸು ಗದ್ದೆಯ ಹತ್ತಿರ ಬಂದಾಗ ಆನಂದ ಸೀಟಿ ಊದಿ ನಿಲ್ಲಿಸಿದ. ಖಾಕಿ ಯೂನಿಫಾರ್ಮಿನಲ್ಲೇ ಇಳಿದ. ನಾನೂ ಹಿಂದೆಯೇ ಇಳಿದೆ. ಅರ್ಧ ಕಡಿದ ಕಬ್ಬು, ನೆಲದ ತುಂಬ ಒಣ ಸೋಗೆ, ಬದುವಿನ ಮೇಲೆ ಮಾದಪ್ಪನವರು, ಮೇಷ್ಟ್ರು, ಒಂದಿಷ್ಟು ಜನ. ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು. ಮೇಷ್ಟ್ರು ಕವರು ಬಿಚ್ಚಿ ಕಿರೀಟ ಮುಂದಕ್ಕೆ ಹಿಡಿದರು. ಆನಂದ ಅದನ್ನು ಎರಡೂ ಕೈಯಿಂದ ತೆಗೆದುಕೊಂಡ, ಒಂದು ಸಲ ನೋಡಿದ, ತಿರುಗಿ ನನ್ನ ಕೈಗೆ ಕೊಟ್ಟ. “ಮೇಡಂ, ಇದನ್ನ ಒಸಿ ಇಟ್ಕಳಿ” ಎಂದ.

ಹೀಗೆ ನಾನು ಒಂದು ಕೈಯಲ್ಲಿ ಊಟದ ಬ್ಯಾಗು, ಇನ್ನೊಂದರಲ್ಲಿ ವಿಜಯನಗರದ ಕಿರೀಟ ಹಿಡಿದುಕೊಂಡು ಕಬ್ಬಿನ ಗದ್ದೆಯಲ್ಲಿ ನಿಂತೆ.

“ಅಣ್ಣ, ಬಂದಿವ್ನಿ” ಎಂದ ಆನಂದ.

ಮಾದಪ್ಪನವರು ಕೈ ಜೋಡಿಸಲು ಎತ್ತಿದರು. ಆನಂದನ ಕಡೆ ನೋಡಿದರು, ನನ್ನ ಕೈಯಲ್ಲಿದ್ದ ಕಿರೀಟದ ಕಡೆ ನೋಡಿದರು. ಎತ್ತಿದ ಕೈ ಎತ್ತ ಮುಗಿಯಬೇಕೆಂದು ತಿಳಿಯದೆ ನಮ್ಮಿಬ್ಬರ ನಡುವೆ ಎಲ್ಲೋ ಒಂದು ಕಡೆ ಮುಗಿದು ಇಳಿಯಿತು. ನಗಬೇಕಾದ ಸಂದರ್ಭ, ಯಾರೂ ನಗಲಿಲ್ಲ. ಆನಂದ ಜೇಬಿನಿಂದ ಎಲೆ ಅಡಿಕೆ ತೆಗೆದು ಚಾಚಿದ. ಮುಖದ ಮೇಲೆ ಬಣ್ಣವಿಲ್ಲ, ಪದ ಇಲ್ಲ, ಹಾರ್ಮೋನಿಯಂ ಇಲ್ಲ. ಮಾದಪ್ಪನವರು ಅದನ್ನೇ ನೋಡುತ್ತ ಬಹಳ ಹೊತ್ತು ನಿಂತರು. ಡ್ರೈವರು ಹಾರ್ನ್ ಹೊಡೆದ. ಆಗ ಕೈ ಮುಂದೆ ಬಂತು. ತೆಗೆದುಕೊಂಡರು. ಈ ಸಲ ಬಾಯಿಗೆ ಹಾಕಲಿಲ್ಲ, ಶರ್ಟಿನ ಜೇಬಿಗೆ ಇಳಿಬಿಟ್ಟರು. ಆಳುಗಳ ಕಡೆ ತಿರುಗಿ, “ಸೋಗೆ ಸರ್ಸಿ, ಕಲ್ಲು ಎಲ್ಲದೆ ನೋಡ್ರಲಾ” ಎಂದರು.

ಕಲ್ಲು ಇದ್ದಲ್ಲೇ ಇತ್ತು. ಆನಂದ ಬಸ್ಸಿನ ಫುಟ್‌ಬೋರ್ಡ್ ಹತ್ತಿ, “ರೈಟ್, ರೈಟ್” ಎಂದು ಕೂಗಿದ.

ಬೇಸಿಗೆಗೆ ನನ್ನ ವರ್ಷ ಮುಗಿದು ನಂಜನಗೂಡಿನ ಕಡೆಯ ಸ್ಕೂಲಿಗೆ ಬಂದೆ. ಪಾಠ ಅದೇ, ಆ ಏಣಿಯನ್ನು ಮಾತ್ರ ಮೊದಲಿನ ಧೈರ್ಯದಿಂದ ಬರೆಯಲಾಗಲಿಲ್ಲ. ನಕಾಶೆ ಹೇಳಿದರೂ ಬಿಡದ ದಾರಿಯನ್ನು ರಟ್ಟಿನ ಕಿರೀಟದವನು ಬಿಡಿಸಿದ್ದು ಹೇಗೆ? ಅಥವಾ ಬಿಡಿಸಿದ್ದು ಖಾಕಿ ತೊಟ್ಟವನೋ? ಮಾದಪ್ಪನವರು ಆ ದಿನ ಕೈಮುಗಿದದ್ದು ಯಾರಿಗೆ? ಬಾಣದ ಗುರುತನ್ನು ಯಾವ ಕಡೆಗೆ ಹಾಕುವುದು ಎಂದು ಚಾಕ್‌ಪೀಸು ಹಿಡಿದು ನಿಂತುಬಿಡುತ್ತಿದ್ದೆ. ಮಕ್ಕಳು ಮೇಡಂಗೆ ಮರೆತುಹೋಯಿತು ಅಂದುಕೊಳ್ಳುತ್ತಿದ್ದವು.

ಮೊನ್ನೆ ಚಿಕ್ಕತಾಯಮ್ಮನವರ ಮಣ್ಣಿಗೆಂದು ಬಸ್ಸಿಳಿದಾಗ ಗದ್ದೆಯ ಬಾಯಲ್ಲಿ ಒಂದು ಹಸಿರು ಬೋರ್ಡು ಕಂಡಿತು: ರಾಯರ ದಾರಿ. ಎರಡು ಕಡೆ ಕಬ್ಬು, ನಡುವೆ ಮಣ್ಣು ಹೊಡೆದು ಗಟ್ಟಿ ಮಾಡಿದ ಹಾದಿ. ವಿಜಯನಗರದ ಕಾಲದ್ದು ಎಂದು ಹೊಸಬರಿಗೆ ಹೇಳುವವರೂ ಇದ್ದಾರಂತೆ. ಆನಂದನ ಹೆಸರು ಎಲ್ಲೂ ಇಲ್ಲ.

ಚಟ್ಟ ಬರುವ ಹೊತ್ತಿಗೆ ದಾರಿಯ ಪಕ್ಕ ಮಾದಪ್ಪನವರು ಕೋಲೂರಿಕೊಂಡು ನಿಂತಿದ್ದರು. ಮೀಸೆ ಬೆಳ್ಳಗಾಗಿತ್ತು, ಅಧ್ಯಕ್ಷಗಿರಿ ಹೋಗಿ ಎಷ್ಟೋ ಕಾಲವಾಗಿತ್ತು. ನನ್ನ ಗುರುತು ಹಿಡಿದು ಹತ್ತಿರ ಬಂದರು. ಕುಶಲ ಕೇಳುತ್ತಾರೆ ಅಂದುಕೊಂಡೆ.

“ಮೇಡಂ, ಒಂದು ಮಾತು. ಅವತ್ತು ಆ ಸ್ಮಶಾನದ ಮಾತು ನಿಮ್ಮ ಬುಕ್ಕಲ್ಲಿತ್ತಾ?”

ಇಷ್ಟು ವರ್ಷ ಅದನ್ನೇ ಮೆಲುಕು ಹಾಕಿಕೊಂಡು ಕೂತಿದ್ದರೇನೋ. “ಇರಲಿಲ್ಲ” ಎಂದೆ.

ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. “ಅಂಗಾದ್ರೆ ರಾಯರು ಕೊಡ್ಸಿದ್ದಲ್ಲ. ಆನಂದ ಕೇಳ್ದ, ನಾನು ಕೊಟ್ಟೆ” ಎಂದರು. ಅವರ ಬಾಯಲ್ಲಿ ಆ ಹೆಸರು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಚಟ್ಟ ಅಷ್ಟರಲ್ಲಿ ನಮ್ಮ ಹತ್ತಿರ ಬಂದಿತ್ತು. ಮುಂದಿನ ಹೆಗಲು ಕೊಟ್ಟಿದ್ದ ಆನಂದನಿಗೆ ಮಾತು ಕೇಳಿಸಿತು. ನಿಂತ. ತಲೆ ಬಿಳಿಯಾಗತೊಡಗಿತ್ತು, ಕಣ್ಣು ಊದಿತ್ತು, ದನಿಯಲ್ಲಿ ಸಿಟ್ಟಿರಲಿಲ್ಲ.

“ಕೊಟ್ಟಿದ್ದಲ್ಲ ಕಣಣ್ಣ. ದಾರಿ ನಕಾಶೇಲೇ ಇತ್ತು. ನೀವು ಬುಟ್ರಿ.”

ಮಾದಪ್ಪನವರು ಅವನ ಮುಖವನ್ನೂ ಚಿಕ್ಕತಾಯಮ್ಮನವರ ಮುಖವನ್ನೂ ನೋಡಿದರು. “ಊಂ ಕಣಪ್ಪ” ಎಂದರು. “ಬುಟ್ಟೆ.”

ಚಪ್ಪಲಿಯನ್ನು ಬೋರ್ಡಿನ ಕೆಳಗೆ ಕಳಚಿಟ್ಟು, ಕೋಲೂರಿಕೊಂಡು ಜನರ ಹಿಂದೆ ನಡೆದರು. ನಾನೂ ನಡೆದೆ. ಹಿಂದಿನ ದಿನ ಮಳೆ ಬಂದಿದ್ದರೂ ಹಾದಿ ಗಟ್ಟಿಯಾಗಿತ್ತು. ಚಿಕ್ಕತಾಯಮ್ಮ ಓಲಾಡದೆ ಹೋದರು.